ಎರಡು ಬೆಲ್ಟು, ನಾಲ್ಕು ಪುಲ್ಲಿ

ನಮ್ಮ ಮನೆಯಲ್ಲಿ ಒಂದು ಬಿಳಿ ಅಂಬಾಸಿಡರ್ ಕಾರಿದೆ. ಅಬ್ಬಾ ಅದನ್ನು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಾರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ನಿಂತುಹೋಯಿತು. ಆದರೂ ಮದುಮಗನನ್ನು ಕೂರಿಸಿ ಮೆರವಣಿಗೆ ಮಾಡಲು ಜನ ಇಂದಿಗೂ ಅದನ್ನೇ ಕೇಳುತ್ತಾರೆ. ನಮ್ಮ ಕಾರು ಎರಡು ಪಂಚಾಂಗ ನೋಡಿ ನಡೆಯುತ್ತದೆ. ರಮಜಾನಿನಲ್ಲಿ ನಮ್ಮವರ ಮದುವೆಗಳಿರುವುದಿಲ್ಲ, ಆಷಾಢದಲ್ಲಿ ಹಿಂದೂಗಳ ಮದುವೆಗಳಿರುವುದಿಲ್ಲ. ಉಳಿದ ತಿಂಗಳುಗಳ ಬಾಡಿಗೆಯಲ್ಲೇ ನನ್ನ ಮತ್ತು ತಂಗಿಯ ಫೀಸು ಕಟ್ಟಬೇಕು.

ಕಳೆದ ವರ್ಷ ಹಳೆಯ ಎಂಜಿನ್ ಪೆಟ್ರೋಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತಿದೆಯೇನೋ ಎನ್ನುವ ಸ್ಥಿತಿಗೆ ಬಂತು. ಕಾರನ್ನು ಗುಜರಿಗೆ ಹಾಕುವುದೋ, ಎಂಜಿನ್ ಬದಲಿಸುವುದೋ ಎಂಬ ಪ್ರಶ್ನೆ ಎದ್ದಿತು. 1990ರ ದಶಕದಲ್ಲಿ ಅಂಬಾಸಿಡರಿಗೇ ಇಸುಝು 1.8 ಲೀಟರ್ ಪೆಟ್ರೋಲ್ ಎಂಜಿನ್ ಬರತೊಡಗಿತ್ತು. ಅಂಥದ್ದೊಂದು ಎಂಜಿನ್ ಗುಜರಿಯಲ್ಲಿ ಮಾಮುಗೆ ಸಿಕ್ಕಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಎಂಜಿನ್ ಬದಲಾವಣೆಯನ್ನು ಆರ್.ಸಿ.ಯಲ್ಲಿ ದಾಖಲಿಸಬೇಕು. ಆರ್.ಟಿ.ಒ. ಕಚೇರಿಯ ಆ ಓಡಾಟ ಅಬ್ಬಾ ಪಾಲಿಗೆ ಬಂತು. ಬೆಲ್ಟಿನ ಲೆಕ್ಕ ನನ್ನ ಪಾಲಿಗೆ ಬಂತು.

ಬೆಲ್ಟಿನ ಲೆಕ್ಕ ಯಾಕೆ ಬಂತೆಂದರೆ, ಗುಜರಿಯಿಂದ ಬಂದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಪುಲ್ಲಿ ಮತ್ತು ನೀರಿನ ಪಂಪಿನ ಪುಲ್ಲಿ ಬಿಟ್ಟು ಮುಂಭಾಗದಲ್ಲಿ ಬೇರೇನೂ ಇರಲಿಲ್ಲ. ಕರೆಂಟು ಮಾಡುವ ಆಲ್ಟರ್ನೇಟರ್ ಮತ್ತು ಎ.ಸಿ. ಕಂಪ್ರೆಸರನ್ನು ನಾವೇ ಹೊಂದಿಸಬೇಕಿತ್ತು. ಶ್ರಾವಣದ ಮೊದಲ ಮದುವೆಗೆ ಅಬ್ಬಾ ಆಗಲೇ ಮುಂಗಡ ತೆಗೆದುಕೊಂಡಿದ್ದರು. “ಎಂಜಿನ್ ನಾನು ಕೂರಿಸ್ತೀನಿ. ಯಾವ ಪುಲ್ಲಿ, ಎಷ್ಟು ಸುತ್ತು ಅನ್ನೋದನ್ನ ನೀನು ಲೆಕ್ಕ ಮಾಡಿ ಕೊಡು ಬೇಟಾ” ಎಂದರು ಮಾಮು. ಕಾಮರ್ಸ್ ಓದುವವರೆಲ್ಲ ಲೆಕ್ಕದಲ್ಲಿ ಗಟ್ಟಿ ಎಂದು ಅವರ ನಂಬಿಕೆ.

ಈ ಲೆಕ್ಕ ಅರ್ಥವಾಗಬೇಕಾದರೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ನೋಡಿದರೆ ಸಾಕು. ಅಮ್ಮಿಯ ಯಂತ್ರದ ಕೆಳಗೆ ದೊಡ್ಡ ಚಕ್ರ, ಮೇಲೆ ಚಿಕ್ಕ ಚಕ್ರ, ನಡುವೆ ತೊಗಲಿನ ಪಟ್ಟಿ. ದೊಡ್ಡದು ಒಂದು ಸುತ್ತು ಬಂದರೆ ಚಿಕ್ಕದು ಹಲವು ಸುತ್ತು ಬರುತ್ತದೆ. ಕಾರಿನಲ್ಲೂ ಅಷ್ಟೇ. ನಮ್ಮ ಕ್ರ್ಯಾಂಕ್ ಪುಲ್ಲಿಯ ವ್ಯಾಸ 140 ಮಿ.ಮೀ. ಆಲ್ಟರ್ನೇಟರಿಗೆ 70 ಮಿ.ಮೀ. ಪುಲ್ಲಿ ಹಾಕಿದರೆ ಅನುಪಾತ 2:1, 56 ಮಿ.ಮೀ.ದು ಹಾಕಿದರೆ 2.5:1.

ಹೆದ್ದಾರಿಯಲ್ಲಿ ಓಡುವ ಕಾರಿಗೆ 2:1 ಸಾಕು. ಮದುವೆಯ ಕಾರು ಹೆದ್ದಾರಿಯಲ್ಲಿ ಓಡುವುದಿಲ್ಲ. ಬ್ಯಾಂಡಿನ ಹಿಂದೆ ಎರಡು ಗಂಟೆ ತೆವಳುತ್ತದೆ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿರುತ್ತದೆ. ಹೆಡ್‌ಲೈಟು, ಎ.ಸಿ., ರೇಡಿಯೇಟರಿನ ಕರೆಂಟು ಫ್ಯಾನು ಎಲ್ಲವೂ ಒಟ್ಟಿಗೆ ನಡೆಯುತ್ತಿರುತ್ತವೆ. 2:1ರಲ್ಲಿ ಆಲ್ಟರ್ನೇಟರಿಗೆ ಸಿಗುವುದು 1,600 ಸುತ್ತು, 2.5:1ರಲ್ಲಿ 2,000. ಆ ಮಟ್ಟದಲ್ಲಿ 400 ಸುತ್ತು ಹೆಚ್ಚಾದರೆ ಕರೆಂಟು ಸಾಕಷ್ಟು ಹೆಚ್ಚುತ್ತದೆ. ಎಂಜಿನ್ 4,500ಕ್ಕೆ ಹೋದರೂ ಆಲ್ಟರ್ನೇಟರ್ 11,250ರಲ್ಲಿ ತಿರುಗುತ್ತದೆ, ಅದು ಅಪಾಯದ ವೇಗವಲ್ಲ. ಹಾಗಾಗಿ 56 ಮಿ.ಮೀ. ಪುಲ್ಲಿಯೇ ಆಗಲಿ ಎಂದು ಬರೆದುಕೊಟ್ಟೆ. ಪಂಪಿನ ಪುಲ್ಲಿಯನ್ನು ಮಾತ್ರ ಮುಟ್ಟಲಿಲ್ಲ. ನೀರು ಎಷ್ಟು ವೇಗದಲ್ಲಿ ಹರಿಯಬೇಕೆಂದು ಎಂಜಿನ್ ಮಾಡಿದವರೇ ಲೆಕ್ಕ ಹಾಕಿರುತ್ತಾರೆ.

ಎರಡನೆಯ ಪ್ರಶ್ನೆ ಬೆಲ್ಟು ಎಷ್ಟು ಎಂಬುದು. ಹೊಸ ಕಾರುಗಳಂತೆ ಗೆರೆಗಳಿರುವ ಒಂದೇ ಚಪ್ಪಟೆ ಬೆಲ್ಟಿನಲ್ಲಿ ಎಲ್ಲವನ್ನೂ ಓಡಿಸಬಹುದಿತ್ತು. ಆದರೆ ಆಗ ಎಲ್ಲ ಪುಲ್ಲಿಗಳನ್ನೂ ಬದಲಿಸಬೇಕು, ಬಿಗಿ ಕೊಡುವ ಟೆನ್ಷನರ್ ಬೇಕು. ಬೆಲ್ಟಿನ ಬೆನ್ನು ತಾಗುವ ಪುಲ್ಲಿ ಉಲ್ಟಾ ತಿರುಗುತ್ತದೆ. ನೀರಿನ ಪಂಪು ಹಾಗೆ ಉಲ್ಟಾ ತಿರುಗಿದರೆ ಎಂಜಿನ್ ಕುದಿಯುತ್ತದೆ. ಆದ್ದರಿಂದ ವಿ-ಬೆಲ್ಟಿನಲ್ಲೇ ಉಳಿಯುವುದೆಂದಾಯಿತು.

ನಾಲ್ಕು ಪುಲ್ಲಿಗೂ ಒಂದೇ ವಿ-ಬೆಲ್ಟು ಹಾಕಿದರೆ? ಇಲ್ಲಿ ನನಗೆ ದ್ವಿತೀಯ ಪಿ.ಯು.ಸಿ.ಯ ‘ಪಾಲುದಾರನ ಸೇರ್ಪಡೆ’ ಪಾಠ ನೆನಪಾಯಿತು. ಎಲ್ಲ ಪುಲ್ಲಿಗಳೂ ಬೆಲ್ಟಿನ ಒಳಗಿದ್ದರೆ ಅದು ಅವುಗಳನ್ನು ತಬ್ಬುವ ಕೋನಗಳ ಮೊತ್ತ ಯಾವಾಗಲೂ 360 ಡಿಗ್ರಿ. ಎರಡು ಪುಲ್ಲಿಗಳಿದ್ದರೆ ತಲಾ ಸುಮಾರು 180, ಮೂರಿದ್ದರೆ ಸರಾಸರಿ 120, ನಾಲ್ಕಿದ್ದರೆ 90. ಹೊಸ ಪಾಲುದಾರ ಬಂದಾಗ ಹಳಬರು ತ್ಯಾಗ ಮಾಡಲೇಬೇಕು. ಹಿಡಿತ ಕಡಿಮೆಯಾದ ಚಿಕ್ಕ ಪುಲ್ಲಿಯ ಮೇಲೆ ಬೆಲ್ಟು ಜಾರುತ್ತದೆ, ಕಿರುಚುತ್ತದೆ, ಸುಡುತ್ತದೆ. ಕ್ರ್ಯಾಂಕ್ ಪುಲ್ಲಿಯಲ್ಲಿ ಎರಡು ಗಾಡಿಗಳಿದ್ದವು. ಒಂದರಲ್ಲಿ ಪಂಪು ಮತ್ತು ಆಲ್ಟರ್ನೇಟರ್, ಇನ್ನೊಂದರಲ್ಲಿ ಎ.ಸಿ. ಮಾತ್ರ ಎಂದು ಹಂಚಿದೆವು. ಎ.ಸಿ. ಬೆಲ್ಟು ಹರಿದರೆ ಮದುಮಗ ಸ್ವಲ್ಪ ಬೆವರಿಯಾನು, ಮೆರವಣಿಗೆ ನಿಲ್ಲುವುದಿಲ್ಲ.

ಉಳಿದದ್ದು ಮಾಮುವಿನ ಕೈಗುಣ. ಹಳೆಯ ಡೈನಮೋದ ಪುಲ್ಲಿಯನ್ನೇ ಹಾಕಿ ದುಡ್ಡು ಉಳಿಸೋಣ ಎಂದರು ಅಬ್ಬಾ. ಮಾಮು ಅದರ ಗಾಡಿಯ ತಳ ಫಳಫಳ ಹೊಳೆಯುವುದನ್ನು ತೋರಿಸಿದರು. ವಿ-ಬೆಲ್ಟು ಹಿಡಿಯುವುದು ಎರಡು ಪಕ್ಕಗಳಿಂದ. ತಳ ಹೊಳೆಯುತ್ತಿದ್ದರೆ ಪಕ್ಕ ಸವೆದಿದೆ, ಬೆಲ್ಟು ತಳಕ್ಕೆ ಕೂತಿದೆ ಎಂದು ಅರ್ಥ. ಚಿಕ್ಕ ಪುಲ್ಲಿಗೆ ಸುಲಭವಾಗಿ ಬಾಗಲೆಂದು ಒಳಗೆ ಹಲ್ಲುಗಳಿರುವ ಬೆಲ್ಟು ಆರಿಸಿದರು. ಅದರ ಮೇಲೆ ಬರೆದ ‘ಎವಿಎಕ್ಸ್ 13’ ಎಂದರೆ ಮೇಲಿನ ಅಗಲ 13 ಮಿ.ಮೀ., ಮುಂದಿನ ಸಂಖ್ಯೆ ಉದ್ದ. ಆಲ್ಟರ್ನೇಟರನ್ನು ಅದರ ಜರುಗುವ ಪಟ್ಟಿಯ ನಡುವೆ ನಿಲ್ಲಿಸಿ, ಪುಲ್ಲಿಗಳ ಸುತ್ತ ದಾರ ಹಾಕಿ ಉದ್ದ ಅಳೆದರು. ಹಾಗೆ ಮಾಡಿದರೆ ಬೆಲ್ಟು ಏರಿಸಲೂ ಜಾಗ, ಬಿಗಿ ಮಾಡಲೂ ಜಾಗ. ಅದೇ ದಾರವನ್ನು ಪುಲ್ಲಿಗಳ ಮುಖಕ್ಕೆ ಎಳೆದು ಹಿಡಿದು ಎಲ್ಲವೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡಿದರು. ಕಂಪ್ರೆಸರ್ ಮೂರು ಮಿ.ಮೀ. ಮುಂದಿತ್ತು. ಬ್ರಾಕೆಟ್ ಬಿಚ್ಚಿ ಲೇಥಿಗೆ ಕಳಿಸಿ ಸರಿಮಾಡಿಸಿದರು.

ಶ್ರಾವಣದ ಮೊದಲ ಮದುವೆಯಲ್ಲಿ ನಾನೂ ಮೀಟರ್ ಹಿಡಿದು ಅಬ್ಬಾ ಪಕ್ಕದಲ್ಲಿ ಕೂತಿದ್ದೆ. ಎಲ್ಲವೂ ನಡೆಯುತ್ತಿದ್ದಾಗ ಬ್ಯಾಟರಿಯಲ್ಲಿ 13.6 ವೋಲ್ಟ್ ಇತ್ತು. ಚಾರ್ಜು ಆಗುತ್ತಿದೆ ಎಂದು ಹೇಳಿದೆ. ಅಬ್ಬಾ ಏನೂ ಮಾತಾಡಲಿಲ್ಲ, ಎ.ಸಿ.ಯನ್ನು ಇನ್ನೊಂದು ಹಂತ ಏರಿಸಿದರು.

ಆ ತಿಂಗಳ ಖರ್ಚನ್ನು ನಾನೇ ನೋಟುಬುಕ್ಕಿನಲ್ಲಿ ಬರೆದೆ. ಎಂಜಿನ್ನಿನದು ಎಲ್ಲಕ್ಕಿಂತ ದೊಡ್ಡ ಮೊತ್ತ, ಬೆಲ್ಟುಗಳದ್ದು ಎಲ್ಲಕ್ಕಿಂತ ಚಿಕ್ಕದು. ಚಿಕ್ಕ ಮೊತ್ತದ ಆ ಸಾಲು ಸರಿಯಿಲ್ಲದಿದ್ದರೆ ದೊಡ್ಡ ಮೊತ್ತ ದಾರಿಯಲ್ಲಿ ಕುದಿದು ನಿಲ್ಲುತ್ತಿತ್ತು. ನಿಮ್ಮ ಮನೆಯಲ್ಲೂ ಹಿಟ್ಟಿನ ಗಿರಣಿ, ಪಂಪ್‌ಸೆಟ್, ಹಳೆಯ ಜೀಪು ಏನಾದರೂ ಇರಬಹುದು. ಎಂಜಿನ್ ಆರಿಸಿ, ಬೆಲ್ಟಿನ ಉದ್ದನೆಯ ಭಾಗವನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಕಾರಿನ ಬೆಲ್ಟಾದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಹೊಸ ಬೆಲ್ಟು ಕೆಲವು ದಿನ ಓಡಿದ ಮೇಲೆ ಸಡಿಲವಾಗುತ್ತದೆ, ಮತ್ತೊಮ್ಮೆ ಬಿಗಿ ಮಾಡಿ. ನಮ್ಮ ಕಾರಿನ ಡಿಕ್ಕಿಯಲ್ಲಿ ಈಗ ಸ್ಟೆಪ್ನಿಯ ಪಕ್ಕದಲ್ಲಿ ಎರಡು ಹೊಸ ಬೆಲ್ಟುಗಳೂ ಇರುತ್ತವೆ.