ಕಣ್ಣು ಹೋಯಿತು, ಮುಖ ಉಳಿಯಿತು

ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಬಡವರ ಕಣ್ಣಿನ ಪೊರೆ ತೆಗೆದವರು. ಅವರು 2005ರಲ್ಲಿ ತೀರಿಕೊಂಡರು. ಆದರೂ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ಹಿರಿಯರಿಗೆ ಕಣ್ಣಿನ ಆಪರೇಷನ್ ಎಂದರೆ ಇಂದಿಗೂ ಒಂದೇ ಅರ್ಥ: ಪಟ್ಟಿ ಬಿಚ್ಚಿದ ಮೇಲೆ ಲೋಕ ಕಾಣಬೇಕು. ಬನಹಟ್ಟಿಯ ಆ ನೇಕಾರರ ತಾಯಿಗೂ ಪೊರೆ ತೆಗೆಸಿದ ಮೇಲೆ ಹಾಗೆಯೇ ದೃಷ್ಟಿ ಮರಳಿತ್ತು.

ಆದ್ದರಿಂದ ನೇಕಾರರಿಗೆ ಡಾಕ್ಟರು, "ಜೀವ ಉಳೀಬೇಕಾದರೆ ಕಣ್ಣು ತೆಗೀಬೇಕು" ಎಂದಾಗ ಮನೆಯವರಿಗೆ ಆ ಮಾತು ತಲೆಗೇ ಹೋಗಲಿಲ್ಲ. "ಆಯಿಗೆ ಕಣ್ಣು ಬಂದ್ವು, ಅಪ್ಪಗ ಯಾಕ ಬರೂದಿಲ್ರಿ?" ಎಂದು ಜಮಖಂಡಿಯಲ್ಲಿ ಪಿಯುಸಿ ಓದುತ್ತಿದ್ದ ಮಗಳು ಕೇಳಿದಳು.

ಕಾಯಿಲೆ ಶುರುವಾದದ್ದು ಮೇಲಿನ ರೆಪ್ಪೆಯಲ್ಲಿ ಬಟಾಣಿಯಷ್ಟು ಗಂಟಿನಿಂದ. ನೋವಿರಲಿಲ್ಲ. ಕಣ್ಣುಕುಟಿಕೆ ಇರಬೇಕೆಂದು ಎಲ್ಲರೂ ತಿಳಿದರು. ಎರಡು ಸಲ ಕೊಯ್ದು ತೆಗೆದರು. ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ಸಲ ಬಂದಾಗ ಬೇರೊಬ್ಬ ಡಾಕ್ಟರು ಕಳಿಸಿದರು. ರೆಪ್ಪೆಯ ಎಣ್ಣೆಗ್ರಂಥಿಯ ಕ್ಯಾನ್ಸರ್ ಎಂದು ವರದಿ ಬಂತು. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಹೆಚ್ಚಾಗಿ ಕಾಣುವ ಈ ಕ್ಯಾನ್ಸರ್ ಸಾಮಾನ್ಯ ಗಂಟಿನ ವೇಷದಲ್ಲಿ ಬಂದು ಮೋಸ ಮಾಡುತ್ತದೆ. ಅಷ್ಟರಲ್ಲಿ ಅದು ಕಣ್ಣಿನ ಹಿಂಬದಿಗೂ ಹಬ್ಬಿತ್ತು.

ವಯಸ್ಕರ ಕಣ್ಣಿನ ಗೂಡು ಸುಮಾರು 30 ಮಿಲಿಲೀಟರ್ ಹಿಡಿಯುವಷ್ಟು ದೊಡ್ಡದು. ಗುಡ್ಡೆಯ ಪಾಲು ಅದರಲ್ಲಿ 7 ಮಿಲಿಲೀಟರಿನಷ್ಟೇ. ಉಳಿದದ್ದು ಕೊಬ್ಬು, ಸ್ನಾಯು, ನರ, ರಕ್ತನಾಳ. ಕ್ಯಾನ್ಸರ್ ಒಳಗೆ ಹಬ್ಬಿದ್ದರೆ ರೆಪ್ಪೆಯೂ ಸೇರಿ ಎಲ್ಲವನ್ನೂ ತೆಗೆಯಬೇಕಾಗಬಹುದು. ಉಳಿಯುವುದು ಎಲುಬಿನ ಗುಳಿ. ಅದನ್ನು ಹಾಗೆಯೇ ಬಿಟ್ಟರೆ ಗಾಯ ಮಾಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮುಂದೆ ವಿಕಿರಣ ಚಿಕಿತ್ಸೆ ಕೊಡುವುದಿದ್ದರೆ ಎಲುಬಿನ ಮೇಲೆ ಗಟ್ಟಿಯಾದ ಹೊದಿಕೆ ಇರುವುದು ಒಳ್ಳೆಯದು.

ಗುಳಿ ಮುಚ್ಚುವ ದಾರಿಗಳು ಹಲವು. ತೆಳುವಾದ ಚರ್ಮ ಹೊದಿಸಬಹುದು. ಹಲ್ಲು ಕಚ್ಚಿದಾಗ ಕಿವಿಯ ಮೇಲ್ಗಡೆ ಉಬ್ಬುವ ಸ್ನಾಯುವನ್ನು ಒಳಕ್ಕೆ ತಿರುಗಿಸಬಹುದು. ದೊಡ್ಡ ಗುಳಿಯಾದರೆ ತೊಡೆಯ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳದ ಸಮೇತ ತಂದು ಕೂಡಿಸಬಹುದು. ನೇಕಾರರಿಗೆ ಗೊತ್ತಾದದ್ದು ಈ ಕೊನೆಯ ದಾರಿ.

ಇದು ಮನೆಯವರಿಗೆ ತಿಳಿದದ್ದು ಮುಧೋಳದ ಸೋದರಮಾವನ ಮಾತಿನಿಂದ. ಕಬ್ಬು ಬೆಳೆಯುವ ಅವರು ಅಂದರು: "ಸ್ನಾಯು ತಿರುವೂದಂದ್ರ ಕಾಲುವಿ ಕಡೀದ ನೀರು ಹೊಳ್ಳಿಸಿದಂಗ. ತೊಡೀದು ತರೂದಂದ್ರ ಗಿಡಾನ ಬೇರು-ಮಣ್ಣಿನ ಸಮೇತ ಕಿತ್ತು, ಹೊಸಾ ಹೊಲದಾಗ ಪೈಪ್‌ಲೈನ್ ಜೋಡಿಸಿದಂಗ. ನೀರು ಹರೀಲಿಲ್ಲಂದ್ರ ಗಿಡ ಒಣಗ್ತೈತಿ."

ಮೊದಲನೆಯ ಉಪಾಯ ನಮ್ಮ ನಾಡಿಗೆ ಹೊಸದಲ್ಲ. ಹತ್ತಿರದ ಚರ್ಮವನ್ನು ಪೂರ್ತಿ ಕಡಿಯದೆ ತಿರುಗಿಸಿ ಮೂಗು ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮದಿಂದ ಮೂಗು ಕಟ್ಟಿದ ಸುದ್ದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ನಲ್ಲಿ ಅಚ್ಚಾಗಿತ್ತು. ಎರಡು-ಮೂರು ಮಿಲಿಮೀಟರ್ ಅಗಲದ ನಾಳಗಳನ್ನು ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುವುದು ಮಾತ್ರ ಇಪ್ಪತ್ತನೆಯ ಶತಮಾನದ ವಿದ್ಯೆ. ಕಡಿದ ಎಳೆ ಕೂಡಿಸುವುದೇ ದಿನದ ಕೆಲಸವಾಗಿದ್ದ ನೇಕಾರರು ಅದನ್ನು ಕೇಳಿ, "ನಮಗಿಂತ ಸಣ್ಣ ಎಳಿ ಹಿಡಿಯಾವ್ರು ಅದಾರಂದಂಗಾತು" ಎಂದರಂತೆ.

ಆಪರೇಷನ್ ಮುಗಿದ ಮೇಲೆ ಎರಡು-ಮೂರು ದಿನ ಕಾವಲು. ನರ್ಸ್ ಗಂಟೆಗೊಮ್ಮೆ ಬಂದು ಬಣ್ಣ, ಬಿಸಿ ನೋಡುತ್ತಿದ್ದರು. ಬೆಳ್ಳಗೆ ತಣ್ಣಗಾದರೆ ರಕ್ತ ಬರುತ್ತಿಲ್ಲ; ನೀಲಿಯಾದರೆ ಬಂದದ್ದು ಮರಳುತ್ತಿಲ್ಲ. ಮಗಳು ರಾತ್ರಿಯಿಡೀ ಎಚ್ಚರವಿದ್ದಳು. ಮೂರನೆಯ ಬೆಳಿಗ್ಗೆಯೂ ಅದು ಬೆಚ್ಚಗಿತ್ತು.

ಹೊಸ ಚರ್ಮ ಕಾಣುವುದಿಲ್ಲ, ಮಿಟುಕುವುದಿಲ್ಲ. ಬಣ್ಣವೂ ಮುಖದ ಬಣ್ಣಕ್ಕೆ ಕೂಡಿ ಬರಲಿಲ್ಲ. ದಪ್ಪ ಚರ್ಮದ ಕೆಳಗೆ ಕಾಯಿಲೆ ಮರಳಿದರೆ ಕಣ್ಣಿಗೆ ಬೀಳದೆ ಹೋಗಬಹುದಾದ್ದರಿಂದ ಸ್ಕ್ಯಾನ್ ಮಾಡಿಸುತ್ತಿರಬೇಕು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗದೆ ಮೊದಮೊದಲು ಚಹಾ ಕಪ್ಪಿನ ಹೊರಗೆ ಬೀಳುತ್ತಿತ್ತು. ಕೆಲವು ತಿಂಗಳಲ್ಲಿ ಕೈ ಪಳಗಿ ಅವರು ಮತ್ತೆ ಮಗ್ಗಕ್ಕೆ ಕುಳಿತರು.

ಕಷ್ಟವಾದದ್ದು ಹೊಸ್ತಿಲು ದಾಟುವುದು. ಮಗಳ ಕಾಲೇಜಿನ ಪಾಲಕರ ಸಭೆಗೆ, "ನಿನ್ನ ಗೆಳತ್ಯಾರು ಏನಂದಾರು, ನಾ ಬರೂದಿಲ್ಲವ್ವಾ" ಎಂದರು. "ನೀವು ಬರಲಿಲ್ಲಂದ್ರ ನಾನೂ ಹೋಗೂದಿಲ್ಲ" ಎಂದಳು ಅವಳು. ಇಬ್ಬರೂ ಜಮಖಂಡಿಯ ಬಸ್ಸು ಹತ್ತಿದರು. ಬಸ್ಸಿನಲ್ಲಿ ಒಬ್ಬ ಹುಡುಗ, "ಕಾಕಾ, ಕಣ್ಣಿಗೆ ಏನಾತ್ರಿ?" ಎಂದು ಕೇಳಿಯೇಬಿಟ್ಟ. ಅವನ ತಾಯಿ ಗದರುವಷ್ಟರಲ್ಲಿ ನೇಕಾರರು ಕನ್ನಡಕ ತೆಗೆದು ತೋರಿಸಿದರು: "ಇದು ತೊಡಿ ಚರ್ಮ ತಮ್ಮಾ. ಕಣ್ಣು ಕೊಟ್ಟು ಜೀವ ಉಳಿಸಿಕೊಂಡೀನಿ." ಹುಡುಗ ಹತ್ತಿರ ಬಂದು ನೋಡಿದ, ಹೆದರಲಿಲ್ಲ.

ಅಂದಿನಿಂದ ಓಣಿಯಲ್ಲಿ ಯಾರ ರೆಪ್ಪೆಯಲ್ಲಾದರೂ ಗಂಟು ಮರಳಿ ಬಂದರೆ ಅವರೇ ಜೊತೆಗೆ ಹೋಗುತ್ತಾರೆ. ಎಳೆಯ ಮಕ್ಕಳ ಕಣ್ಣುಪಾಪೆಯಲ್ಲಿ ಬಿಳಿ ಹೊಳಪು ಕಂಡರೂ ತಡಮಾಡಬಾರದೆಂದು ತಾಯಂದಿರಿಗೆ ಹೇಳುತ್ತಾರೆ. ಅದು ಬೇರೆ ಬಗೆಯ ಕ್ಯಾನ್ಸರಿನ ಗುರುತಾಗಿರಬಹುದು. ಡಾಕ್ಟರ ಮುಂದೆ ಅವರದು ಒಂದೇ ಮಾತು: "ತಗದ ತುಣುಕು ಚೆಲ್ಲಬ್ಯಾಡ್ರಿ, ಪರೀಕ್ಷಾಕ್ಕ ಕಳಸ್ರಿ."