ಸತ್ತವನ ಬಿಯರ್ ಯಾರಿಗೆ?

ಮೊನ್ನೆ ರಾತ್ರಿ ಸುದ್ದಿ ಕಳಿಸಿ ಮುಗಿದ ಮೇಲೆ ನಾವು ಮೂವರು ಸ್ಟ್ರಿಂಗರ್‌ಗಳು ಒಂದೇ ಮೊಬೈಲ್ ಮುಂದೆ ಕೂತು ಸ್ವೀಡನ್ ದೇಶದ ಒಂದು ಸಿನಿಮಾ ನೋಡಿದೆವು. ರಾಯ್ ಆಂಡರ್ಸನ್ ನಿರ್ದೇಶನದ್ದು. 2014ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ 'ಗೋಲ್ಡನ್ ಲಯನ್' ಪಡೆದ ಚಿತ್ರ. ಹೆಸರೇ ಮಾರುದ್ದ: ಕೊಂಬೆ ಮೇಲೆ ಕೂತ ಪಾರಿವಾಳವೊಂದು ಬದುಕಿನ ಬಗ್ಗೆ ಯೋಚಿಸಿತು ಅಂತ ಅರ್ಥ.

ಹೀರೋ ಇಲ್ಲ, ಫೈಟ್ ಇಲ್ಲ. ಕ್ಯಾಮೆರಾ ನೆಟ್ಟ ಕಂಬದ ಹಾಗೆ ದೂರದಲ್ಲಿ ನಿಂತಿರುತ್ತೆ. ಶುರುವಿನಲ್ಲೇ ಮೂರು ಸಾವು. ಆಸ್ಪತ್ರೆಯಲ್ಲಿ ಸಾಯುತ್ತಿರುವ ಮುದುಕಿ ಒಡವೆ ಚೀಲ ಬಿಡಲ್ಲ. ಮಗ ಎಳೆದರೆ ಮಂಚವೇ ಜೊತೆಗೆ ಬರುತ್ತೆ. ಹಡಗಿನ ಕ್ಯಾಂಟೀನಿನಲ್ಲಿ ಒಬ್ಬ ಊಟಕ್ಕೆ ದುಡ್ಡು ಕೊಟ್ಟವನು ಅಲ್ಲೇ ಬಿದ್ದು ಸತ್ತಿದ್ದಾನೆ. ಕೌಂಟರಿನಾಕೆಗೆ ಒಂದೇ ಚಿಂತೆ. ದುಡ್ಡು ಬಂದಾಗಿದೆ, ಈ ಸ್ಯಾಂಡ್‌ವಿಚ್, ಬಿಯರ್ ಯಾರಿಗಾದರೂ ಬೇಕಾ? ಒಬ್ಬ ಮೆಲ್ಲಗೆ ಎದ್ದು ಬಂದು ಬಿಯರ್ ತಗೊಂಡು ಹೋಗ್ತಾನೆ.

ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಯಾರೂ ಮಾತಾಡಲಿಲ್ಲ.

ನಮ್ಮ ಮಂಡ್ಯ ಕಡೆಯ 'ತಿಥಿ' ನೋಡಿದವರಿಗೆ ಈ ಬಗೆಯ ನಗು ಹೊಸದಲ್ಲ. 2015ರ ಆ ಚಿತ್ರದಲ್ಲಿ ನಟಿಸಿದವರು ಹಳ್ಳಿಯ ಜನರೇ. ಜಮೀನು ಮಾರಲು ಮಗ, ಬದುಕಿರುವ ಅಪ್ಪ ಗಡ್ಡಪ್ಪನ ಹೆಸರಿಗೆ ಮರಣ ಪತ್ರ ಮಾಡಿಸುತ್ತಾನೆ. ಅದು ಸಿನಿಮಾ. ಆದರೆ ಕಾಗದದಲ್ಲಿ ಸತ್ತ ಅಜ್ಜಿಯೊಬ್ಬರನ್ನು ನಾವು ಕಣ್ಣಾರೆ ನೋಡಿದ್ದೇವೆ.

ಕಳೆದ ವರ್ಷ ಒಂದು ಕಚೇರಿಯಲ್ಲಿ. ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ ಅಂತ ಅಜ್ಜಿ ಕೇಳಲು ಬಂದಿದ್ದರು. ಗುಮಾಸ್ತರು ಕುರ್ಚಿ ಕೊಟ್ಟು ಕೂರಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು: "ಅಜ್ಜಿ, ಕಂಪ್ಯೂಟರ್‌ನಲ್ಲಿ ನೀವು ತೀರ್ಕೊಂಡಿದ್ದೀರಿ. ಬದುಕಿದ್ದೀರಿ ಅನ್ನೋಕೆ ಒಂದು ದಾಖಲೆ ತನ್ನಿ."

"ನಾನೇ ಬಂದಿವ್ನಲ್ಲಪ್ಪ?"

"ನೀವು ಬಂದರೆ ಆಗಲ್ಲ ಅಜ್ಜಿ, ಕಾಗದ ಬೇಕು."

ನಾವು ಬಾಗಿಲಲ್ಲಿ ನಿಂತು ನಗು ತಡೆಯಲಾಗದೆ ಹೊರಗೆ ಬಂದೆವು. 'ಸತ್ತ ಅಜ್ಜಿ ಕಚೇರಿಗೆ ಬಂದಾಗ!' ಅಂತ ತಲೆಬರಹ ಹಾಕಿ ಕಳಿಸಿದೆವು. ಫೋಟೊ ಸಮೇತ ಬಂತು. ವಾಟ್ಸಾಪ್ ತುಂಬ ಓಡಾಡಿತು. ಡೆಸ್ಕ್‌ನವರು ಫೋನ್ ಮಾಡಿ ಶಭಾಷ್ ಅಂದರು.

ವಾರ ಬಿಟ್ಟು ಸಂತೆಯಲ್ಲಿ ಅಜ್ಜಿ ಸಿಕ್ಕರು. ಸಿಟ್ಟು ಮಾಡಲಿಲ್ಲ. "ಮೊಮ್ಮಗನ್ನ ಸ್ಕೂಲಲ್ಲಿ ದೆವ್ವದ ಮೊಮ್ಮಗ ಅಂತವ್ರೆ ಕಣ್ ಮಗಾ. ಅದಿರ್ಲಿ, ಪೇಪರ್‌ನಾಗೆ ಬಂತಲ್ಲ, ದುಡ್ಡು ಯಾವಾಗ ಬತ್ತದೆ?"

ಉತ್ತರ ಇರಲಿಲ್ಲ. ದುಡ್ಡು ಯಾಕೆ ನಿಂತಿತು, ಯಾರು ಸರಿಮಾಡಬೇಕು ಅಂತ ನಾವು ಕೇಳಿಯೇ ಇರಲಿಲ್ಲ.

ಆಂಡರ್ಸನ್ ಸಿನಿಮಾ ನೋಡುವಾಗ ಇದೇ ಚುಚ್ಚಿತು. ಅವನ ಕ್ಯಾಮೆರಾ ಯಾರ ಮುಖಕ್ಕೂ ನುಗ್ಗಿ 'ನೋಡಿ, ನಗಿ' ಅನ್ನಲ್ಲ. ಸತ್ತವನು, ಕೌಂಟರಿನಾಕೆ, ಬಿಯರ್ ತಗೊಂಡವನು, ಸುಮ್ಮನೆ ನಿಂತು ನೋಡಿದವರು, ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಇರುತ್ತಾರೆ. ನಮ್ಮ ಫೋಟೊದಲ್ಲಿ ಅಜ್ಜಿ ಒಬ್ಬರೇ ಇದ್ದರು. ಗುಮಾಸ್ತರು ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ, ಬಾಗಿಲಲ್ಲಿ ನಗುತ್ತಿದ್ದ ನಾವೂ ಇರಲಿಲ್ಲ.

ಸಂತೆ ಮುಗಿದ ಮಾರನೇ ದಿನ ಅಜ್ಜಿಯನ್ನು ಬೈಕಲ್ಲಿ ಕೂರಿಸಿಕೊಂಡು ಅದೇ ಕಚೇರಿಗೆ ಹೋದೆವು. ಮೂರು ಸಲ ಓಡಾಡಿದ ಮೇಲೆ ಹೆಸರು ಸರಿಯಾಯಿತು. ಅದು ಸುದ್ದಿಯಾಗಲಿಲ್ಲ. ಕಳಿಸಿದ್ದೆವು, 'ಇದರಲ್ಲಿ ಏನೂ ಮಜಾ ಇಲ್ಲ' ಅಂತ ಡೆಸ್ಕ್‌ನವರು ಬಿಟ್ಟರು.