ಆಟ ಕಟ್ಟಿದವರ ಊರಿನಲ್ಲಿ ಒಂದು ದಿನ

ಜಪಾನಿನ ಕೋಬೆ ನಗರದಿಂದ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಸಮುದ್ರ ಅಡ್ಡ ಬರುತ್ತದೆ. ಆಚೆ ದಡದಲ್ಲಿ ಹಸಿರಾಗಿ ಕಾಣುವುದೇ ಆವಾಜಿ ದ್ವೀಪ. ಹಿಂದೆ ಅಲ್ಲಿಗೆ ದೋಣಿಯೇ ಗತಿಯಾಗಿತ್ತು. 1998ರಲ್ಲಿ ಆಕಾಶಿ ಜಲಸಂಧಿಯ ತೂಗುಸೇತುವೆ ತೆರೆದ ಮೇಲೆ ಅದು ಐದು ನಿಮಿಷದ ಮಾತು. ಸೇತುವೆಯ ಉದ್ದ 3,911 ಮೀಟರ್. ಎರಡು ಗೋಪುರಗಳ ನಡುವಿನ ಅಂತರವೇ 1,991 ಮೀಟರ್. 2022ರಲ್ಲಿ ಟರ್ಕಿಯಲ್ಲಿ ಇದನ್ನು ಮೀರಿಸಿದ ಸೇತುವೆ ಬರುವವರೆಗೂ ಈ ಅಂತರದಲ್ಲಿ ಜಗತ್ತಿಗೇ ಇದು ಮೊದಲನೆಯದಾಗಿತ್ತು.

ಒಂದು ಸೋಜಿಗ ಹೇಳಬೇಕು. ನಕ್ಷೆಯಲ್ಲಿ ಎಂಜಿನಿಯರುಗಳು ಬರೆದಿದ್ದ ಅಂತರ 1,990 ಮೀಟರ್. ಉಳಿದದ್ದು ಭೂಮಿತಾಯಿಯ ಕೊಡುಗೆ! 1995ರ ಜನವರಿ 17ರ ಬೆಳಗಿನ ಜಾವ 5.46ಕ್ಕೆ ಕೋಬೆ ಭೂಕಂಪವಾದಾಗ ಗೋಪುರಗಳು ಎದ್ದು ನಿಂತಿದ್ದವು, ಹಗ್ಗಗಳನ್ನು ಎಳೆದಾಗಿತ್ತು, ರಸ್ತೆಯನ್ನು ಇನ್ನೂ ತೂಗುಹಾಕಿರಲಿಲ್ಲ. ಆ ಕೆಲವೇ ಸೆಕೆಂಡುಗಳಲ್ಲಿ ಗೋಪುರಗಳು ಸುಮಾರು ಒಂದು ಮೀಟರ್ ದೂರ ಸರಿದವು. ಈ ವಿಷಯವನ್ನು ನಾನು ಹತ್ತನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈಗ ಅದೇ ಸೇತುವೆಯ ಮೇಲೆ ಕುಳಿತು ಮಗನಿಗೆ ಹೇಳಹೊರಟರೆ, ಕಾರು ನಡೆಸುತ್ತಿದ್ದ ಆತ ನಕ್ಕ. “ಅಪ್ಪಾಜಿ, ಇವತ್ತು ಪಾಠ ನಂದು” ಎಂದ.

ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಕೋಬೆಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದಾನೆ. ಹೋದ ಬೇಸಿಗೆ ರಜೆಯಲ್ಲಿ, 2025ರ ಮೇ ತಿಂಗಳು, ಎರಡು ವಾರ ಅವನ ಬಳಿ ಇದ್ದೆ. ಅವನು ಆಸೆಪಟ್ಟು ಕರೆದುಕೊಂಡು ಹೋದ ಜಾಗ ಸುಮೊಟೊ. ಆವಾಜಿಯ ಪೂರ್ವ ತೀರದ ಸಣ್ಣ ಪಟ್ಟಣ. ಅಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, “ನೀವು ಬೀರುವಿನಲ್ಲಿ ಬೀಗ ಹಾಕಿದ್ರಲ್ಲ, ಆ ಆಟ ಮಾಡಿದವರ ಊರು” ಎಂದಿದ್ದ.

ವಿಷಯ ಇಷ್ಟೇ. 2012ರಲ್ಲಿ ಅವನು ಎಸ್ಸೆಸ್ಸೆಲ್ಸಿ. ಅಮೆರಿಕದಿಂದ ಬಂದ ಅವನ ಸೋದರಮಾವ ನಿಂಟೆಂಡೊ ಡಿಎಸ್ ಎಂಬ ಅಂಗೈಯಗಲದ ಯಂತ್ರವನ್ನೂ ‘ಡ್ರ್ಯಾಗನ್ ಕ್ವೆಸ್ಟ್’ ಆಟದ ಒಂಬತ್ತನೆಯ ಭಾಗವನ್ನೂ ಕೊಟ್ಟು ಹೋಗಿದ್ದ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಜಾರಿತು. ಬಿ.ಎಡ್. ಮಾಡಿದ ಅಪ್ಪ ಏನು ಮಾಡಬೇಕೋ ಅದನ್ನೇ ನಾನೂ ಮಾಡಿದೆ. ಯಂತ್ರ ಬೀರುವಿಗೆ ಹೋಯಿತು. ಅದರ ಜೊತೆಗೆ ಅವನು ಬರೆದಿಟ್ಟುಕೊಂಡಿದ್ದ ಇನ್ನೂರು ಪುಟದ ನೋಟ್‌ಬುಕ್ಕನ್ನೂ ಕಿತ್ತುಕೊಂಡೆ. ಅದರಲ್ಲಿ ಊರುಗಳ ನಕ್ಷೆ, ಗುಹೆಗಳ ದಾರಿ, ಯಾವ ಪ್ರಾಣಿಗೆ ಎಷ್ಟು ಶಕ್ತಿ ಎಂಬ ಕೋಷ್ಟಕ ಎಲ್ಲ ಇದ್ದವು. ಭೂಗೋಳದಲ್ಲಿ ಇಷ್ಟು ಚೆನ್ನಾಗಿ ನಕ್ಷೆ ಬರೆದಿದ್ದರೆ ಆಗುತ್ತಿತ್ತು ಎಂದು ಬೈದದ್ದೂ ನೆನಪಿದೆ.

ಸೇತುವೆ ಇಳಿದು ಮೊದಲು ನನ್ನ ಆಸೆಗೆ ಹೊಕುದಾನ್‌ನಲ್ಲಿ ನಿಂತೆವು. ಭೂಕಂಪದ ದಿನ ನೆಲ ಸೀಳಿದ ನೊಜಿಮಾ ಸ್ತರಭಂಗವನ್ನು ಸುಮಾರು 140 ಮೀಟರ್ ಉದ್ದಕ್ಕೆ ಹಾಗೇ ಉಳಿಸಿ, ಮೇಲೆ ಕಟ್ಟಡ ಕಟ್ಟಿದ್ದಾರೆ. ನೇರವಾಗಿದ್ದ ಕಾಲುವೆ ಮುರಿದು ಪಕ್ಕಕ್ಕೆ ಸರಿದಿದೆ. ಬೇಲಿಯ ಸಾಲೂ ಅಷ್ಟೇ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. 6,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಬಿರುಕು ಇದು. ಅಲ್ಲಿ ಮಾತನಾಡಬೇಕೆನಿಸಲಿಲ್ಲ.

ಮುಂದೆ ದಾರಿಯುದ್ದಕ್ಕೂ ಈರುಳ್ಳಿ ಹೊಲ. ಆವಾಜಿಯ ಈರುಳ್ಳಿಗೆ ಜಪಾನಿನಲ್ಲಿ ದೊಡ್ಡ ಹೆಸರು. ಗೋಡೆಯಿಲ್ಲದ ಗುಡಿಸಲುಗಳಲ್ಲಿ ಗೊಂಚಲು ಕಟ್ಟಿ ಗಾಳಿಗೆ ತೂಗುಹಾಕುತ್ತಾರೆ. ಚಳ್ಳಕೆರೆ ಕಡೆಯ ರೈತರು ನೋಡಿದರೆ ಬೆಲೆ ಎಷ್ಟು ಎಂದು ಮೊದಲು ಕೇಳುತ್ತಿದ್ದರು. ನಾನೂ ಕೇಳಿದೆ, ಕೇಳಿ ಸುಮ್ಮನಾದೆ!

ಸುಮೊಟೊದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು ಇಟ್ಟಿಗೆಯ ಕಟ್ಟಡಗಳು. ಕನೆಬೊ ಕಂಪನಿಯ ಹಳೆಯ ಹತ್ತಿ ಗಿರಣಿ. ಗಿರಣಿ ನಿಂತುಹೋದ ಮೇಲೆ ಊರಿನವರು ಕಟ್ಟಡ ಕೆಡವದೆ, ಒಂದನ್ನು ಸಾರ್ವಜನಿಕ ಗ್ರಂಥಾಲಯ ಮಾಡಿಕೊಂಡಿದ್ದಾರೆ. ದಾವಣಗೆರೆಯಲ್ಲಿ ಗಿರಣಿಯ ಸೈರನ್ ಕೇಳಿ ಬೆಳೆದ ನನಗೆ ಅಸೂಯೆಯಾಯಿತು. ಅದರ ಮುಂದಿನ ಬಯಲಿನಲ್ಲಿ, 2017ರಲ್ಲಿ ನಿಲ್ಲಿಸಿದ ಒಂದು ಸ್ಮಾರಕವಿದೆ. ಕತ್ತಿ, ಗುರಾಣಿ, ಜೊತೆಗೆ ನಗುಮುಖದ ಹನಿಯಂಥ ಒಂದು ಪ್ರಾಣಿ. ರಾಜನದ್ದಲ್ಲ, ಸೇನಾಪತಿಯದ್ದಲ್ಲ, ವಿಡಿಯೊ ಆಟವೊಂದರ ಸ್ಮಾರಕ.

ಆ ಆಟ ಕಟ್ಟಿದವರು ಯೂಜಿ ಹೊರಿಯಿ. 1954ರ ಜನವರಿ 6ರಂದು ಇದೇ ಸುಮೊಟೊದಲ್ಲಿ ಹುಟ್ಟಿದವರು. ಪ್ರೌಢಶಾಲೆ ಇಲ್ಲೇ. ಆಸೆಯಿದ್ದದ್ದು ಚಿತ್ರಕಥೆ ಬರೆಯುವ ಕಲಾವಿದನಾಗಲು. ಟೋಕಿಯೊದ ವಾಸೆದಾ ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಸಾಹಿತ್ಯ. ಅಲ್ಲಿನ ಚಿತ್ರಕಥೆ ಸಂಘದ ಸದಸ್ಯ. ಕಲಾವಿದನಾಗುವುದು ಕೈಗೂಡಲಿಲ್ಲ. ಪತ್ರಿಕೆಗಳಿಗೆ ಬಿಡಿ ಬರಹ ಬರೆದು ಹೊಟ್ಟೆ ಹೊರೆಯತೊಡಗಿದರು. ಎಂಜಿನಿಯರಿಂಗ್ ಇಲ್ಲ, ವಿಜ್ಞಾನವೂ ಇಲ್ಲ. ಮಕ್ಕಳಿಗೆ ಪಿಸಿಎಂಬಿಯೇ ಬೇಕೆಂದು ಕಾಲೇಜು ಬಾಗಿಲಲ್ಲಿ ನಿಲ್ಲುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಎಂಬತ್ತರ ದಶಕದ ಮೊದಲಲ್ಲಿ ಒಂದು ಪುಟ್ಟ ಕಂಪ್ಯೂಟರ್ ಕೊಂಡು, ಬೇಸಿಕ್ ಭಾಷೆಯನ್ನು ತಾವೇ ಕಲಿತರು. 1982ರಲ್ಲಿ ಎನಿಕ್ಸ್ ಎಂಬ ಕಂಪನಿ ಆಟ ಬರೆಯುವವರಿಗೆ ಸ್ಪರ್ಧೆ ಏರ್ಪಡಿಸಿತು. ‘ಶೊನೆನ್ ಜಂಪ್’ ಎಂಬ ಹುಡುಗರ ವಾರಪತ್ರಿಕೆಗೆ ಬರೆಯುತ್ತಿದ್ದ ಹೊರಿಯಿ, ತಾವೂ ಒಂದು ಟೆನಿಸ್ ಆಟ ಬರೆದು ಕಳುಹಿಸಿದರು, ಬಹುಮಾನವೂ ಬಂತು. ಬಹುಮಾನ ಪಡೆದವರಲ್ಲಿ ಕೊಯಿಚಿ ನಕಾಮುರಾ ಎಂಬ ಪ್ರೌಢಶಾಲಾ ಹುಡುಗನೊಬ್ಬನಿದ್ದ. ಮುಂದೆ ಡ್ರ್ಯಾಗನ್ ಕ್ವೆಸ್ಟ್‌ನ ಪ್ರೋಗ್ರಾಮ್ ಬರೆಯುವುದರಲ್ಲಿ ಮುಂದಾಳಾದವನು ಈ ಹುಡುಗನೇ.

1983ರಲ್ಲಿ ಹೊರಿಯಿ ‘ಪೋರ್ಟೊಪಿಯಾ ಸರಣಿ ಕೊಲೆ ಪ್ರಕರಣ’ ಎಂಬ ಪತ್ತೇದಾರಿ ಆಟ ಬರೆದರು. ಕಥೆ ನಡೆಯುವುದು ಕೋಬೆಯಲ್ಲಿ. ಸುಳಿವು ಹುಡುಕುತ್ತ ಸುಮೊಟೊಗೂ ಬರಬೇಕು. ಹುಟ್ಟಿದೂರನ್ನು ಕಥೆಯಲ್ಲಿ ಸೇರಿಸುವ ಆಸೆ ಯಾವ ಲೇಖಕನನ್ನೂ ಬಿಟ್ಟದ್ದಲ್ಲ ಅನ್ನಿ. ಆಟಗಾರ ‘ಹುಡುಕು’, ‘ಕೇಳು’ ಎಂದು ಪದಗಳನ್ನು ಟೈಪ್ ಮಾಡಬೇಕಿತ್ತು. ಸರಿಯಾದ ಪದ ಹೊಳೆಯದಿದ್ದರೆ ಆಟ ಅಲ್ಲಿಗೇ ನಿಂತಿತು. ಇದು ಆಟಗಾರನ ತಪ್ಪಲ್ಲ, ಬರೆದವನದು ಎಂದು ಹೊರಿಯಿ ಅರ್ಥ ಮಾಡಿಕೊಂಡರು. ಮುಂದಿನ ಆಟದಲ್ಲಿ ಪದಗಳ ಪಟ್ಟಿಯನ್ನೇ ಪರದೆಯ ಮೇಲೆ ಕೊಟ್ಟು, ಆರಿಸಿಕೊಳ್ಳಿ ಎಂದರು. ವಿದ್ಯಾರ್ಥಿಗೆ ಉತ್ತರ ಗೊತ್ತಿದ್ದೂ ಪ್ರಶ್ನೆಯ ಭಾಷೆ ತಿಳಿಯದೆ ಫೇಲಾಗುವುದನ್ನು ಮೂವತ್ತು ವರ್ಷ ನೋಡಿದ ನನಗೆ ಈ ಸಂಗತಿ ಹಿಡಿಸಿತು.

ಆಗ ಅಮೆರಿಕದಲ್ಲಿ ‘ವಿಝರ್ಡ್ರಿ’, ‘ಅಲ್ಟಿಮಾ’ ಎಂಬ ಪಾತ್ರವಹಿಸುವ ಆಟಗಳಿದ್ದವು. ಆಟಗಾರನೇ ಕಥೆಯ ವೀರ. ಊರೂರು ತಿರುಗಿ, ಕಾದಾಡಿ, ಅನುಭವ ಗಳಿಸಿ ಬಲಿಯಬೇಕು. ಆದರೆ ದುಬಾರಿ ಕಂಪ್ಯೂಟರ್ ಬೇಕು, ದಪ್ಪ ಕೈಪಿಡಿ ಓದಬೇಕು. ಮನೆಮನೆಯ ಟಿವಿಗೆ ಜೋಡಿಸುವ ಅಗ್ಗದ ಫ್ಯಾಮಿಕಾಮ್ ಯಂತ್ರದಲ್ಲಿ, ಇದನ್ನು ಒಬ್ಬ ಹತ್ತು ವರ್ಷದ ಹುಡುಗನೂ ಆಡುವಂತೆ ಮಾಡಬೇಕೆಂದು ಹೊರಿಯಿ ಹೊರಟರು. 1986ರ ಮೇ 27ರಂದು ಮೊದಲ ಡ್ರ್ಯಾಗನ್ ಕ್ವೆಸ್ಟ್ ಹೊರಬಂತು.

ಅದರ ಆರಂಭವನ್ನು ಮಗ ಸ್ಮಾರಕದ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ತೋರಿಸಿದ. ವೀರ ರಾಜನ ಮುಂದೆ ನಿಂತಿದ್ದಾನೆ. ಬಾಗಿಲಿಗೆ ಬೀಗ. ಹೊರಗೆ ಹೋಗಬೇಕಾದರೆ ರಾಜನ ಮಾತು ಕೇಳಬೇಕು, ಪೆಟ್ಟಿಗೆ ತೆರೆಯಬೇಕು, ಕೀಲಿ ತೆಗೆದುಕೊಳ್ಳಬೇಕು, ಬಾಗಿಲು ತೆರೆಯಬೇಕು, ಮೆಟ್ಟಿಲಿಳಿಯಬೇಕು. ಅಷ್ಟರಲ್ಲಿ ಆಟಕ್ಕೆ ಬೇಕಾದ ಮುಖ್ಯ ಕ್ರಿಯೆಗಳೆಲ್ಲ ಕೈಗೆ ಬಂದಿರುತ್ತವೆ. ಕೈಪಿಡಿ ಬೇಡ, ಉಪನ್ಯಾಸ ಬೇಡ. ನಾವು ಬಿ.ಎಡ್.ನಲ್ಲಿ ಪಾಠಯೋಜನೆ ಎಂದು ಪುಟಗಟ್ಟಲೆ ಬರೆದದ್ದನ್ನು ಇವರು ಒಂದು ಕೋಣೆಯಲ್ಲಿ ಕಟ್ಟಿದ್ದರು! “ಸತ್ತರೆ?” ಎಂದೆ. “ಕೈಯಲ್ಲಿರೋ ಚಿನ್ನದಲ್ಲಿ ಅರ್ಧ ಹೋಗುತ್ತೆ ಅಪ್ಪಾಜಿ. ಗಳಿಸಿದ ಅನುಭವ ಹೋಗಲ್ಲ. ಮತ್ತೆ ರಾಜನ ಹತ್ರ ಏಳ್ತೀವಿ.” ನಾನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

ಇಡೀ ಆಟ ಇದ್ದದ್ದು 64 ಕಿಲೊಬೈಟಿನಲ್ಲಿ. ನಿಮ್ಮ ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಫೋಟೊ ಇರುವ ಜಾಗದಲ್ಲಿ ಇಂಥ 48 ಆಟ ಹಿಡಿಸುತ್ತವೆ. ಅಕ್ಷರಗಳಿಗೂ ಜಾಗ ಸಾಲದು. ಕತಕಾನಾ ಲಿಪಿಯ ಸುಮಾರು 50 ಅಕ್ಷರಗಳಲ್ಲಿ 20ನ್ನಷ್ಟೇ ಉಳಿಸಿಕೊಂಡು, ಪ್ರಾಣಿಗಳಿಗೆ, ಮಂತ್ರಗಳಿಗೆ ಅವುಗಳಲ್ಲೇ ಹೆಸರಿಟ್ಟರು. ವಿದ್ಯಾರ್ಥಿಗಳು ಬೇಕಾದರೆ ಪ್ರಯತ್ನಿಸಿ: ಕನ್ನಡ ವರ್ಣಮಾಲೆಯಲ್ಲಿ ಇಪ್ಪತ್ತೇ ಅಕ್ಷರ ಇಟ್ಟುಕೊಂಡು ಹತ್ತು ಊರಿಗೆ ಹೆಸರು ಕಟ್ಟಿ. ಆಡಿದ್ದನ್ನು ಉಳಿಸಿಡುವ ಸೌಲಭ್ಯವೂ ಇರಲಿಲ್ಲ. ಆಟ ಕೊಡುವ 20 ಅಕ್ಷರದ ‘ಮಂತ್ರ’ವನ್ನು ಬರೆದಿಟ್ಟುಕೊಂಡು, ಮರುದಿನ ಒಪ್ಪಿಸಬೇಕು. ಒಂದಕ್ಷರ ತಪ್ಪಿದರೂ ಆಟ ಒಪ್ಪುತ್ತಿರಲಿಲ್ಲ. ಕಾಗುಣಿತ ತಿದ್ದಲು ನಮಗೂ ಇಂಥದ್ದೊಂದು ಬೇಕಿತ್ತು.

ಸ್ಮಾರಕದ ಮೇಲಿನ ಹನಿಪ್ರಾಣಿಯ ಹೆಸರು ಸ್ಲೈಮ್. ಹೊರಿಯಿ ಗೀಚಿ ಕೊಟ್ಟದ್ದು ಬರೀ ಲೋಳೆಯ ಗುಪ್ಪೆ; ಅದನ್ನು ಮುದ್ದಾದ ಹನಿಯಾಗಿಸಿದವರು ‘ಡ್ರ್ಯಾಗನ್ ಬಾಲ್’ ಖ್ಯಾತಿಯ ಚಿತ್ರಕಾರ ಅಕಿರಾ ತೊರಿಯಾಮಾ. 2024ರ ಮಾರ್ಚ್‌ನಲ್ಲಿ ತೀರಿಕೊಂಡರು. (ಸಣ್ಣ ಹನಿ ಬೀಳುವಾಗ ಹೀಗೆ ಜುಟ್ಟು ಇರುವುದಿಲ್ಲ, ಮೇಲ್ಮೈ ಎಳೆತದಿಂದ ಗುಂಡಗಿರುತ್ತದೆ. ಪರೀಕ್ಷೆಯಲ್ಲಿ ಸ್ಲೈಮ್ ಬರೆದು ಬರಬೇಡಿ.) ಸಂಗೀತ ಕೊಯಿಚಿ ಸುಗಿಯಾಮಾ ಅವರದು. ಆಗ ಅವರಿಗೆ ಐವತ್ತೈದು, ಹೆಸರಾಂತ ಸಂಯೋಜಕ. ಎನಿಕ್ಸ್‌ನ ಚದುರಂಗದ ಆಟವೊಂದನ್ನು ಆಡಿ, ಅಭಿಪ್ರಾಯ ಬರೆದ ಕಾರ್ಡು ಕಳುಹಿಸಿದ್ದರು. ಅದನ್ನು ನೋಡಿದ ಕಂಪನಿಯವರು ಅವರನ್ನೇ ಹಿಡಿದರು. 2021ರ ಜುಲೈ 23ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳು ಮೈದಾನಕ್ಕೆ ಕಾಲಿಟ್ಟಾಗ ಮೊದಲು ಮೊಳಗಿದ್ದು ಈ ಆಟದ ಸಂಗೀತ. ಎರಡು ತಿಂಗಳ ನಂತರ ಸುಗಿಯಾಮಾ ಇಲ್ಲವಾದರು.

ಹಾಗೆಂದು ನಾನು ಪೂರ್ತಿ ಸೋತವನಲ್ಲ. ಮೂರನೆಯ ಭಾಗ ಬಂದದ್ದು 1988ರ ಫೆಬ್ರವರಿ 10, ಬುಧವಾರ. ಅಂಗಡಿಗಳ ಮುಂದೆ ಮೈಲುದ್ದದ ಸಾಲು. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ. ಸಾಲಿನಲ್ಲಿ ಶಾಲೆ ತಪ್ಪಿಸಿದ ಮಕ್ಕಳು ತುಂಬಿದ್ದರು, ಪೊಲೀಸರೇ ಹಿಡಿಯಬೇಕಾಯಿತು. ಇದರಿಂದ ಸರ್ಕಾರ ಕಾನೂನೇ ಮಾಡಿತು ಎಂಬ ಕಥೆ ಹಬ್ಬಿದೆ, ಅದು ಸುಳ್ಳು. ಆದರೆ ನಾಲ್ಕನೆಯ ಭಾಗ 1990ರಲ್ಲಿ ಬಂದದ್ದು ರಜೆಯ ದಿನ, ಭಾನುವಾರ. ಆಟ ಒಳ್ಳೆಯದೇ ಇರಲಿ, ಬುಧವಾರದ ಹಾಜರಾತಿ ಬುಧವಾರದ್ದೇ ಎಂದು ಮಗನಿಗೆ ಹೇಳಿದೆ. ಅವನು ವಾದಿಸಲಿಲ್ಲ.

ಸಂಜೆ ಮಿಕುಮಾ ಬೆಟ್ಟ ಹತ್ತಿದೆವು. ಎತ್ತರ 133 ಮೀಟರ್. ಮೇಲೆ ಕೋಟೆ, ಕೆಳಗೆ ಸಮುದ್ರ. ದಾರಿಯಲ್ಲಿ ಶಿಬಾಎಮೊನ್ ಎಂಬ ತನುಕಿಯ ಗುಡಿ. ತನುಕಿ ಎಂದರೆ ನರಿಯಂಥ ಒಂದು ಕಾಡುಪ್ರಾಣಿ. ನಾಟಕದ ಹುಚ್ಚು ಹಿಡಿದ ಇದು ಮನುಷ್ಯವೇಷದಲ್ಲಿ ಒಸಾಕಾಗೆ ಹೋಗಿ ನಾಟಕ ನೋಡುತ್ತಿತ್ತಂತೆ, ಕೊನೆಗೆ ನಾಯಿಯ ಬಾಯಿಗೆ ಸಿಕ್ಕಿತಂತೆ. ವಿಚಿತ್ರಪ್ರಾಣಿಗಳನ್ನು ಹೆದರಿಸುವಂತಲ್ಲದೆ ಮುದ್ದಾಗಿ ಕಂಡವರು ಈ ಊರಿನವರು ಎಂಬುದು ನನಗೆ ಸಹಜವೆನಿಸಿತು.

ಅಲ್ಲಿ ಕುಳಿತಾಗ ಮಗ ಕೇಳಿದ: “ಆ ನೋಟ್‌ಬುಕ್ ಏನಾಯ್ತು ಅಪ್ಪಾಜಿ?”

ಹಳೇ ಪೇಪರಿನ ಜೊತೆ ರದ್ದಿಗೆ ಹಾಕಿದ್ದೆ. ಅದನ್ನೇ ಹೇಳಿದೆ. ಅವನು ಸಮುದ್ರದ ಕಡೆ ನೋಡುತ್ತ ಸುಮ್ಮನಿದ್ದ. ಕೊನೆಯ ಗುಹೆಯ ನಕ್ಷೆಗೆ ಮೂರು ವಾರ ಹಿಡಿದಿತ್ತು ಎಂದಷ್ಟೇ ಹೇಳಿದ. ನನಗೆ ಕ್ಷಮೆ ಕೇಳುವ ಅಭ್ಯಾಸವಿಲ್ಲ; ಅಲ್ಲಿ ಕೇಳಿದೆ.

ರಾತ್ರಿ ಕೋಬೆಗೆ ಮರಳಿ ಮನೆಗೆ ಫೋನ್ ಮಾಡಿದೆ. ನನ್ನಾಕೆ ಬೀರು ತೆರೆದು ನೋಡಿದಳು. ಯಂತ್ರ ಅಲ್ಲೇ ಇತ್ತು. “ರೀ, ಇದರ ಹಿಂಭಾಗ ಉಬ್ಬಿಕೊಂಡಿದೆ” ಎಂದಳು. ಬ್ಯಾಟರಿ ಊದಿದೆ, ಚಾರ್ಜಿಗೆ ಹಾಕಬೇಡ, ಒತ್ತಬೇಡ, ಬೀರುವಿನಿಂದ ಹೊರಗೆ ತಣ್ಣಗಿನ ಜಾಗದಲ್ಲಿಡು ಎಂದೆ. ಮಗ ಪಕ್ಕದಿಂದ ಹೇಳಿದ: “ಆಡಿದ್ದೆಲ್ಲ ಇರೋದು ಕಾರ್ಡಿನಲ್ಲಿ, ಬ್ಯಾಟರಿಯಲ್ಲಲ್ಲ.”

ಹಾಗಾದರೆ ಆ ಚಿಕ್ಕ ಕಾರ್ಡನ್ನು ಮೆಲ್ಲಗೆ ಹೊರತೆಗೆದು ಪೆನ್ನಿನ ಡಬ್ಬಿಯಲ್ಲಿ ಇಟ್ಟಿರು, ನಾನು ಬಂದು ನೋಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.